ಮೊಳೆಯಿಲ್ಲದ ಅರ್ಥ

ನಮ್ಮ ಅವ್ವನಿಗೆ ಒಂದು ಗಳಿಗೆಯೂ ನೆಮ್ಮದಿ ಸಿಗದಂತೆ ನೋಡಿಕೊಳ್ಳುವುದು ನಮ್ಮ ಓಣಿಯವರ ಪಾಲಿಗೆ ಬಂದಿದ್ದ ಕೆಲಸ. ಹನ್ನೊಂದು ವರ್ಷ ಯಾರೂ ಅದನ್ನು ತಪ್ಪಿಸಿರಲಿಲ್ಲ. ಬೆಳಗಾಗುತ್ತಲೇ ಎದುರು ಮನೆಯ ಗುರುಸಿದ್ದವ್ವ ನಮ್ಮ ಬಾಗಿಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಜಗಳ ತೆಗೆಯುತ್ತಿದ್ದಳು. "ಏ ಇಮಾಂಬಿ, ನಿನ್ನ ಕೋಳಿ ಮತ್ತ ನನ್ನ ಅಂಗಳಕ್ಕ ಬಂದು ಜ್ವಾಳ ತಿಂದೈತಿ. ನೀ ಸಾಕಿದ್ದಲ್ಲಾ, ನಿನ್ನಂಗ ಸೊಕ್ಕು ಅದಕ್ಕ!" ಮಂಚದ ಮೇಲೆ ಕೂತ ಅವ್ವನೂ ಬಿಡುತ್ತಿರಲಿಲ್ಲ. "ನಿನ್ನ ಜ್ವಾಳ ಕೋಳಿ ಯಾಕ ತಿಂತೈತೆ ಮೂಳಿ? ಅದರಾಗ ಬರೇ ಹುಳಾ ಅದಾವು." ನಮ್ಮ ಮನೆಯಲ್ಲಿ ಕೋಳಿ ಇರಲಿಲ್ಲ. ಎಂದೂ ಇರಲಿಲ್ಲ. ಗುರುಸಿದ್ದವ್ವ ಗಂಟಲು ಹರಿಯುವಷ್ಟು ಕೂಗಿ, ಸೆರಗಿನಿಂದ ಮುಖ ಒರೆಸಿಕೊಂಡು, ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತು ಸಾಕಾತೇನೋ ದಾವಲಾ? ಇನ್ನೊಂದೀಟು ಬೈಲೇನು?" ಎಂದು ಕೇಳುತ್ತಿದ್ದಳು. ಅವಳಾದ ಮೇಲೆ ಹಡಪದ ಬಸಲಿಂಗಪ್ಪ ನಮ್ಮ ಗೋಡೆಗೆ ಬೆನ್ನು ಹಚ್ಚಿ ಕುಳಿತು ಕತ್ತರಿ ಮಸೆಯುತ್ತ ರಾಗವಿಲ್ಲದ ಹಾಡು ಹೇಳುತ್ತಿದ್ದ. ಸಂಜೆ ಅಕ್ಕ ಮಾಬೂಬಿ ಮೂರನೆಯ ಓಣಿಯ ತನ್ನ ಗಂಡನ ಮನೆಯಿಂದ ಬಂದು, ಅನ್ನದಲ್ಲಿ ನಾಲ್ಕು ಹರಳು ಬೆರೆಸಿ, ಹಾಸಿಗೆಯ ಕೆಳಗಿನ ಕಲ್ಲುಗಳನ್ನು ಸರಿಯಾಗಿ ಚುಚ್ಚುವ ಹಾಗೆ ಜೋಡಿಸಿ, ತನ್ನ ಅತ್ತೆಯ ಮೇಲೆ ಇಲ್ಲದ ದೂರು ಹೇಳಿ ಅತ್ತು ಹೋಗುತ್ತಿದ್ದಳು. ಪಟ್ಟಣಕ್ಕೆ ಓದಲು ಹೋದ ವರ್ಷಗಳನ್ನು ಬಿಟ್ಟರೆ ನಡುಹಗಲು ನನ್ನ ಸರದಿ. ಅದಲ್ಲದೆ ನನ್ನದು ಇನ್ನೊಂದು ಕೆಲಸವಿತ್ತು. ನಾನು ಮದುವೆಯಾಗದೆ ಇರಬೇಕಿತ್ತು. ಮಗನಿಗೆ ಮೂವತ್ತಾದರೂ ಮದುವೆಯಿಲ್ಲ ಎಂಬ ಚಿಂತೆ ಕೋಳಿ ಜಗಳಕ್ಕಿಂತ ಗಟ್ಟಿ.

ನಮ್ಮೂರಲ್ಲಿ ಮಗುವಿಗೆ ಏಳು ತುಂಬಿದ ದಿನ ಮುನಶಿಯ ಕಟ್ಟೆಗೆ ಕರೆದುಕೊಂಡು ಹೋಗುತ್ತಾರೆ. ಯಾವ ಜಾತಿಯ ಮಗುವಾದರೂ ಸರಿ, ಯಾವ ದೇವರಿಗೆ ನಡೆದುಕೊಂಡರೂ ಸರಿ. ಮುನಶಿ ಬೇವಿನ ಹಲಗೆಯೊಂದರ ಮೇಲೆ ಮೂರು ಅರಬಿ ಅಕ್ಷರ ಬರೆದುಕೊಡುತ್ತಾನೆ. ಆ ಮೂರಕ್ಷರದ ಬೇರಿನಿಂದ ಎಷ್ಟು ಅರ್ಥ ಚಿಗುರಿವೆಯೋ ತನ್ನ ಪುಸ್ತಕದಲ್ಲಿ ನೋಡಿ, ಅಷ್ಟು ತಾಮ್ರದ ಮೊಳೆಗಳನ್ನು ಹಲಗೆಗೆ ಹೊಡೆಯುತ್ತಾನೆ. ಆಮೇಲೆ ಬಾಳಿನಲ್ಲಿ ಒಂದೊಂದು ಅರ್ಥ ನಡೆದಂತೆ ಒಂದೊಂದು ಮೊಳೆ ತಾನಾಗಿ ಉದುರುತ್ತದೆ. ಕೊನೆಯ ಮೊಳೆ ಉದುರಿದವರು ಉಳಿಯುವುದಿಲ್ಲ. ಆದ್ದರಿಂದ ಎಲ್ಲರೂ ತಪ್ಪಿಸಿಕೊಳ್ಳಲು ಸುಲಭವಾದ ಒಂದು ಅರ್ಥವನ್ನು ಆರಿಸಿಟ್ಟುಕೊಂಡು, ಅದರ ದಾರಿಗೆ ಅಡ್ಡ ಬರದೆ ಬದುಕುತ್ತಾರೆ. ಬಸಲಿಂಗಪ್ಪನ ಅಕ್ಷರ ಜೀಮ್, ಮೀಮ್, ಲಾಮ್. ಚೆಲುವು ಅವನಿಗೆ ಹರೆಯದಲ್ಲಿ ಬಂದು ಹೋಯಿತು, ಹಡಗಿನ ಹಗ್ಗ ಸಂತೆಯಲ್ಲಿ ಕಾಲಿಗೆ ತೊಡರಿತು, ಈಗ ಉಳಿದಿದ್ದು ಒಂಟೆ ಮಾತ್ರ. ಊರಿಗೆ ಸರ್ಕಸ್ಸು ಬಂದಾಗ ಅವನ ಹೆಂಡತಿ ಅವನನ್ನು ನಾಲ್ಕು ದಿನ ನೆಲದೊಳಗಿನ ಕಾಳಿನ ಹಗೇವಿನಲ್ಲಿ ಇಳಿಸಿ ಮೇಲೆ ಚಪ್ಪಡಿ ಎಳೆದಿದ್ದಳು. ಗುರುಸಿದ್ದವ್ವನಿಗೆ ಬೆನ್ನು, ಬೆಂಬಲ, ಎದುರಿಗೆ ಕಾಣಿಸಿಕೊಳ್ಳುವುದು ಎಲ್ಲ ತೀರಿ ನಡುಹಗಲು ಉಳಿದಿತ್ತು. ಮೂವತ್ತು ವರ್ಷದಿಂದ ಅವಳು ಸೂರ್ಯ ನೆತ್ತಿಗೆ ಬರುವ ಮುಂಚೆ ಒಳಗೆ ಹೋಗಿ, ಕಿಟಕಿಗೆ ಕಂಬಳಿ ಹಾಕಿ, ನೆರಳು ಉದ್ದವಾದ ಮೇಲೆಯೇ ಹೊರಗೆ ಬರುತ್ತಿದ್ದಳು.

ಅವ್ವನ ಅಕ್ಷರ ಸೀನ್, ಕಾಫ್, ನೂನ್. ಮುನಶಿ ಹೊಡೆದದ್ದು ಏಳು ಮೊಳೆ. ಎಂಟು ವರ್ಷದವಳಿದ್ದಾಗ ಕೆರೆ ಒಡೆದು ಓಣಿಗೆ ನೀರು ನುಗ್ಗಿ, ಬೆಲ್ಲದ ಕೊಪ್ಪರಿಗೆಯಲ್ಲಿ ಕೂತು ಒನಕೆಯನ್ನೇ ಚುಕ್ಕಾಣಿ ಮಾಡಿಕೊಂಡು ತೇಲಿದ್ದಳಂತೆ. ಆಗ ಮೊದಲನೆಯದು ಉದುರಿತು. ಮದುವೆಯಾಗಿ ಹೊಸ್ತಿಲು ದಾಟಿದಾಗ ಮನೆಯ ಮೊಳೆ ಹೋಯಿತು. ನಾನು ಹುಟ್ಟಿದ ದಿನ ಸೂಲಗಿತ್ತಿ ಬರುವುದು ತಡವಾಗಿ, ಉಳ್ಳಾಗಡ್ಡಿ ಹೆಚ್ಚುವ ಚಾಕುವಿನಿಂದ ತಾನೇ ಹೊಕ್ಕುಳ ಬಳ್ಳಿ ಕೊಯ್ದುಕೊಂಡಳು. ಚಾಕುವಿನ ಮೊಳೆ ಹೋಯಿತು. ಅಪ್ಪನ ಜಮಖಾನೆ ಮಗ್ಗ ನಿಂತ ವರ್ಷ ದರ್ಗಾದ ಮೆಟ್ಟಿಲ ಮೇಲೆ ಸೆರಗೊಡ್ಡಿ ನಿಂತಳು. ಮಿಸ್ಕೀನರ, ಬಡವರ ಮೊಳೆ ಆಗ ಹೋಯಿತು. ಅಪ್ಪನ ಹೊಟ್ಟೆನೋವು ಯಾವ ಔಷಧಕ್ಕೂ ಬಗ್ಗದೆ, ಅವ್ವ ಹಣೆಯ ಮೇಲೆ ಕೈಯಿಟ್ಟಾಗ ಮಾತ್ರ ಶಮನವಾಗಿ ಅವನು ಕಣ್ಣು ಮುಚ್ಚಿದಾಗ ಐದನೆಯದು. ಹನ್ನೊಂದು ವರ್ಷದ ಕೆಳಗೆ ಬಾವಿಯ ಮೆಟ್ಟಿಲಲ್ಲಿ ಜಾರಿ ಬಲಗಾಲು ಚಲನೆ ಕಳೆದುಕೊಂಡು ನಿಂತುಹೋದಾಗ ಆರನೆಯದು. ಮನೆ, ಚಾಕು, ಬಡತನ, ಚುಕ್ಕಾಣಿ ಇವೆಲ್ಲ ಒಂದೇ ಬೇರಿನಲ್ಲಿ ಹೇಗೆ ಸೇರಿದವು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವ್ವ ಯೋಚಿಸಿದವಳಲ್ಲ. "ನನ್ನ ಬಾಳೇನ ಹಂಗೈತಿ" ಎನ್ನುತ್ತಿದ್ದಳು. ಉಳಿದದ್ದು ಏಳನೆಯದು, ನೆಮ್ಮದಿ. ಒಂಟೆಯನ್ನು ತಪ್ಪಿಸಬಹುದು. ನೆಮ್ಮದಿ ಯಾವ ಬಾಗಿಲಿನಿಂದ ಬರುತ್ತದೆಂದು ಕಾಯುವುದು?

ಹಲಗೆ ಅವ್ವನ ಮಂಚದ ಎದುರು ಗೋಡೆಗೆ ತೂಗುತ್ತಿತ್ತು. ಆರು ತೂತು, ಒಂದು ಮೊಳೆ. ಓಣಿಯಲ್ಲಿ ಗಾಡಿ ಹೋದರೆ ಅದು ನಡುಗುವುದು ಕಾಣುತ್ತಿತ್ತು. ನಾನು ಪಾಠ ಹೇಳುವ ಶಾಲೆಯಿಂದ ಬಂದ ಕೂಡಲೇ ಮೊದಲು ಮೊಳೆಯನ್ನು ನೋಡುತ್ತಿದ್ದೆ, ಆಮೇಲೆ ಅವ್ವನ ಮುಖವನ್ನು. ಒಮ್ಮೆ ಅವಳು ಗೋಡೆಗೊರಗಿ ತೂಕಡಿಸುತ್ತಿದ್ದಾಗ ತುಟಿಯ ಕೊನೆಯಲ್ಲಿ ಸಣ್ಣ ನಗುವಿತ್ತು. ನಾನು ತಾಮ್ರದ ಹಂಡೆಗೆ ಒದ್ದುಬಿಟ್ಟೆ. ಅವ್ವ ಬೆಚ್ಚಿಬಿದ್ದು ನನ್ನ ಇಡೀ ವಂಶವನ್ನು ಬೈದಳು. ಬೈಗುಳ ಕೇಳುತ್ತ ನನಗೆ ಕಣ್ಣೀರು ಬಂತು.

ಇದರಲ್ಲಿ ನನಗೊಂದು ತೊಡಕಿತ್ತು. ನಾನು ಸದ್ದಿನ ಮನುಷ್ಯನಲ್ಲ. ನನ್ನ ಹಲಗೆಯ ಮೇಲಿರುವುದು ಕಾಫ್, ತೇ, ಮೀಮ್. ಮುಚ್ಚಿಡುವುದು, ಕೂದಲಿಗೆ ಹಚ್ಚುವ ಒಂದು ಸೊಪ್ಪು, ಸೋರದ ನೀರಿನ ಚೀಲ, ಬಾಣ ಬಿಟ್ಟರೂ ಸದ್ದು ಮಾಡದ ಬಿಲ್ಲು. ದೂರದ ಪಟ್ಟಣದಲ್ಲಿ ಪದವಿ ಓದುತ್ತಿದ್ದ ವರ್ಷಗಳಲ್ಲಿ ನನಗೆ ಅತ್ಯಂತ ಸುಖ ಕೊಟ್ಟದ್ದು ಗ್ರಂಥಾಲಯದ ಹಿಂದಿನ ಕೋಣೆ. ಅಲ್ಲಿ ಪುಟ ಮಗುಚುವ ಸದ್ದೂ ಸಂಕೋಚ ಪಡುತ್ತಿತ್ತು. ಆ ಕೋಣೆಯಲ್ಲಿಯೇ, ಊರಿಗೆ ಮರಳುವ ಮುನ್ನಿನ ತಿಂಗಳು, ಒಂದು ಹಳೆಯ ಅರಬಿ ನಿಘಂಟು ಕೈಗೆ ಸಿಕ್ಕಿತು. ಆ ನಿಘಂಟುಗಳಲ್ಲಿ ಶಬ್ದಗಳು ಒಂಟಿಯಾಗಿ ಇರುವುದಿಲ್ಲ. ಬೇರಿನ ಕೆಳಗೆ ಮನೆಮಂದಿಯಂತೆ ಒಟ್ಟಿಗೆ ಕುಳಿತಿರುತ್ತವೆ. ನಾನು ಅವ್ವನ ಅಕ್ಷರ ತೆಗೆದೆ. ಗುರುತಿನವರನ್ನು ಸಂತೆಯಲ್ಲಿ ಕಂಡಂತೆ ಒಂದೊಂದೇ ಎದುರಾದವು. ಮನೆ ಇತ್ತು, ಬಡವನಿದ್ದ, ಚಾಕು ಇತ್ತು. ಚುಕ್ಕಾಣಿ ಇತ್ತು. ಏಳೂ ಇದ್ದವು. ಅವುಗಳ ಕೆಳಗೆ, ಪುಟದ ಕೊನೆಯಲ್ಲಿ, ಎಂಟನೆಯದೊಂದು ಇತ್ತು. ಹಳಬರು ಬೆಂಕಿಯನ್ನೂ ಈ ಬೇರಿನಿಂದ ಕರೆಯುತ್ತಿದ್ದರು ಎಂದು ಬರೆದಿತ್ತು. ಏಕೆಂದರೆ ಎಂಬ ಮಾತಿಗೆ ಪುಟ ಮುಗಿದು, ವಿವರಣೆ ಮುಂದಿನ ಪುಟಕ್ಕೆ ಹೋಗಿತ್ತು. ನಾನು ಪುಟ ಮಗುಚಲಿಲ್ಲ. ಪುಸ್ತಕ ಮುಚ್ಚಿ, ಕಪಾಟಿನಲ್ಲಿಟ್ಟು, ಕೈ ಒರೆಸಿಕೊಂಡೆ, ಮಸಿ ಅಂಟಿದೆಯೋ ಎಂಬಂತೆ.

ಊರಿಗೆ ಬಂದ ದಿನವೇ ಅವ್ವನ ಕೋಣೆಯಿಂದ ಅಗ್ಗಿಷ್ಟಿಕೆ ಎತ್ತಿಸಿದೆ. ನಮ್ಮೂರಿನ ಚಳಿ ಬಯಲಿನಿಂದ ನೇರವಾಗಿ ಬಂದು ಎಲುಬಿಗೆ ಹೊಗುವಂಥದು. ಬೆಳಗಿನ ಜಾವದಿಂದ ಬಿಸಿಲೇರುವವರೆಗೆ ಅಗ್ಗಿಷ್ಟಿಕೆಯ ಮುಂದೆ ಕೈಚಾಚಿ ಕೂಡುವುದು ಅವ್ವನಿಗಿದ್ದ ಒಂದೇ ಚಟ. ಹೊಗೆ ಎದೆಗೆ ಕೆಟ್ಟದ್ದು ಎಂದೆ. ಎಣ್ಣೆ ದೀಪ ತೆಗೆಸಿ ವಿದ್ಯುತ್ ದೀಪ ಹಾಕಿಸಿದೆ. ಅಡಿಗೆಯನ್ನು ಹಿತ್ತಲಿನ ತಗಡಿನ ಗೂಡಿಗೆ ಸಾಗಿಸಿ, ಒಲೆ ನಾನೇ ಹಚ್ಚಿದೆ, ನಾನೇ ಆರಿಸಿದೆ, ನೀರು ಸುರಿದು ಬೂದಿ ಮುಟ್ಟಿ ನೋಡಿದೆ. ಯಾರ ಮನೆಯಲ್ಲಾದರೂ ಕಸಕ್ಕೆ ಬೆಂಕಿ ಹಚ್ಚಿದ ವಾಸನೆ ಬಂದರೆ ಪಾಠ ಬಿಟ್ಟು ಮನೆಗೆ ಓಡುತ್ತಿದ್ದೆ. ಕನಸಿನಲ್ಲಿ ಅವ್ವ, ಎದ್ದು ಓಡಲಾರದ ಅವ್ವ, ಮಂಚದ ಮೇಲೆ ಕೂತೇ ಉರಿಯುತ್ತಿದ್ದಳು. "ನನ್ನ ಬೆಂಕಿ ಯಾಕ ಕಸಗೊಂಡಿಯೋ?" ಎಂದು ಅವ್ವ ಮೊದಲ ಚಳಿಗಾಲ ಕೇಳಿದಳು. ಎರಡನೆಯ ಚಳಿಗಾಲ ನನ್ನ ಮುಖ ನೋಡಿ ಕೇಳಿದಳು. ಮೂರನೆಯ ಚಳಿಗಾಲ ಕೇಳಲಿಲ್ಲ, ನೋಡಿದಳು ಅಷ್ಟೇ.

ಮುಚ್ಚಿಡಲಾಗದೆ ಒಮ್ಮೆ ಮುನಶಿ ಕುತುಬುದ್ದೀನನ ಹತ್ತಿರ ಹೋದೆ. ಅವನಿಗೆ ಎಂಬತ್ತು ದಾಟಿತ್ತು. ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಮೊಳೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. "ಮುನಶಿ ಅಜ್ಜಾ, ನಿಮ್ಮ ಪುಸ್ತಕದಾಗ ಇಲ್ಲದ ಅರ್ಥ ಒಂದು ಎಲ್ಲ್ಯರೆ ಇದ್ರ ಏನಾಗತೈತಿ?" ಎಂದೆ. ಅವನ ಕೈ ನಿಂತಿತು. "ನನ್ನ ಪುಸ್ತಕದಾಗ ಇಲ್ಲಂದ್ರ ಈ ಊರಾಗ ಇಲ್ಲ" ಎಂದ. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಯಾರ ಅಕ್ಷರದಾಗ ಕಂಡಿ? ನಂದಂತೂ ಅಲ್ಲಲ್ಲಾ?" ಎಂದು ಕೇಳಿದ. ಅಲ್ಲ ಎಂದಾಗ ಅವನು ಬಿಟ್ಟ ಉಸಿರು ಕಟ್ಟೆಯ ಧೂಳು ಹಾರಿಸಿತು. ನಮ್ಮ ಅವ್ವನ ಹಲಗೆಗೆ ಎಂಟನೆಯ ಮೊಳೆ ಹೊಡೆದುಕೊಡಿ, ಆಗಲಾದರೂ ಆ ಅರ್ಥ ನಡೆದಿದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದು ಬೇಡಿಕೊಂಡೆ. "ಹುಚ್ಚ ಅದಿಯೇನು? ಐವತ್ತೈದು ವರ್ಷದ ಬೇವು ಅದು. ನಾ ಒಂದು ಏಟು ಹಾಕಿದ್ರ ಇದ್ದದ್ದೊಂದೂ ಜಾರಿ ಬೀಳತೈತಿ. ನಿಮ್ಮವ್ವನ್ನ ನನ್ನ ಕೈಲೆ ಕೊಲ್ಲಸಾಕ ಬಂದಿಯೇನು?" ಎಂದ ಮುನಶಿ. ನಾನು ಎದ್ದಾಗ ಅವನೇ ಹೇಳಿದ, "ಮೊಳಿ ಇಲ್ಲದ ಅರ್ಥ ಬಿದ್ರ ಸಪ್ಪಳ ಆಗೂದಿಲ್ಲೋ ಮಗನ. ಅದು ನಿನ್ನೆ ಬಿದ್ದಿರಬಹುದು, ನಾಳೆ ಬೀಳಬಹುದು. ಸುಮ್ಮನಿರು. ಯಾರ ಮುಂದೂ ಬಾಯಿ ಬಿಡಬ್ಯಾಡ." ಸುಮ್ಮನಿರುವುದು ನನಗೆ ಬರುತ್ತಿದ್ದ ಒಂದೇ ವಿದ್ಯೆ.

ಅದೇ ವಿದ್ಯೆ ಗುರುಸಿದ್ದವ್ವನನ್ನು ತೆಗೆದುಕೊಂಡು ಹೋಯಿತು. ದಸರೆಯ ರಜೆಯ ಹಿಂದಿನ ದಿನ ಅದು. ಬಸಲಿಂಗಪ್ಪ ಬೀಗರ ಊರಿಗೆ ಹೋಗಿದ್ದ. ನಾನು ಶಾಲೆಯಿಂದ ಬಂದಾಗ ಸೂರ್ಯ ನೆತ್ತಿಯ ಮೇಲಿದ್ದ. ಮೊಳೆ ನೋಡಿದೆ, ಇತ್ತು. ಅವ್ವ ಗೋಡೆಗೊರಗಿ ನಿದ್ದೆಹೋಗಿದ್ದಳು, ಹುಬ್ಬು ಗಂಟಿಕ್ಕಿಕೊಂಡೇ. ಹೆದರಿಕೆಯಿಲ್ಲ ಎನಿಸಿತು. ಹಂಡೆ ಬಡಿಯಬೇಕಿತ್ತು, ಇಲ್ಲವೇ ಬಾಗಿಲು ಜಪ್ಪಿ ಹಾಕಬೇಕಿತ್ತು. ಆದರೆ ಓಣಿಯಲ್ಲಿ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಮನೆಯೊಳಗೆ ಒಂದು ಮೌನ ಬಂದು, ಬಹಳ ದಿನದ ಮೇಲೆ ಬಂದ ನೆಂಟನಂತೆ ನಡುಮನೆಯಲ್ಲಿ ಕುಳಿತಿತ್ತು. ಒಂದು ಗಳಿಗೆ ಎಂದುಕೊಂಡು ಹೊಸ್ತಿಲ ಮೇಲೆ ಕುಳಿತೆ. ಕಣ್ಣು ಮುಚ್ಚಿದೆ. ಎಷ್ಟು ಹೊತ್ತೋ ತಿಳಿಯದು.

ಓಣಿಯಾಚೆ, ಕಂಬಳಿ ಹಾಕಿದ ಕಿಟಕಿಯ ಹಿಂದೆ, ಮೂವತ್ತು ವರ್ಷ ಕತ್ತಲೆಯಲ್ಲಿ ಕುಳಿತ ಗುರುಸಿದ್ದವ್ವ ನಮ್ಮ ಮನೆಯ ಸದ್ದಿಗೆ ಕಿವಿ ಕೊಟ್ಟೇ ಹಗಲು ಕಳೆಯುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಸದ್ದು ನಿಂತದ್ದನ್ನು ಅವಳು ಕೇಳಿದಳು. ಧಡಾರನೆ ಬಾಗಿಲು ತೆರೆದ ಸದ್ದಿಗೆ ನಾನು ಕಣ್ಣುಬಿಟ್ಟೆ. ಕೈಯಲ್ಲಿ ಸೌಟು ಹಿಡಿದುಕೊಂಡು, ಬರಿಗಾಲಿನಲ್ಲಿ, ಆ ಸುಡುವ ಬೆಳಕಿನಲ್ಲಿ ಓಡಿ ಬರುತ್ತಿದ್ದಳು. "ಏ ಇಮಾಂಬೀ! ಏಳು! ನಿನ್ನ ಕೋಳಿ..." ಓಣಿಯ ನಡುವೆ ನಿಂತಳು. ಹಣೆಗೆ ಕೈ ಅಡ್ಡ ಹಿಡಿದು ಒಮ್ಮೆ ಮೇಲೆ ನೋಡಿದಳು, ಬಹಳ ದಿನದಿಂದ ಕಾಣದ ಯಾರನ್ನೋ ಗುರುತು ಹಿಡಿಯುವ ಹಾಗೆ. ಆಮೇಲೆ ಮೆಲ್ಲಗೆ ಕುಳಿತಳು. ಒಳಗೆ ಅವ್ವ ಎಚ್ಚರಾಗಿ, ರೂಢಿಯಂತೆ, "ಬಂದ್ಲ ನೋಡು ಮೂಳಿ, ಮಧ್ಯಾಹ್ನದಾಗೂ ಬಿಡೂದಿಲ್ಲ" ಎಂದು ಬೈಯತೊಡಗಿದಳು. ಬೈಯುತ್ತ ಬೈಯುತ್ತ, ಮಧ್ಯಾಹ್ನ ಎಂಬ ಮಾತು ತನ್ನ ಕಿವಿಗೇ ಬಿದ್ದು, ಸುಮ್ಮನಾದಳು.

ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಹನ್ನೆರಡನೆಯ ದಿನದ ಮರುದಿನ ಬೆಳಿಗ್ಗೆ ಗುರುಸಿದ್ದವ್ವನ ಸೊಸೆ ನೀಲಗಂಗಾ, ತಲೆಯ ತುಂಬ ಸೆರಗು ಹೊದ್ದು, ನಮ್ಮ ಬಾಗಿಲಿಗೆ ಬಂದು ನಿಂತಳು. ಅತ್ತೆಯ ಸರದಿ ಸೊಸೆಗೆ ಬರುತ್ತದೆ. "ಅತ್ತೀ, ನಿಮ್ಮ ಕೋಳಿ ನಮ್ಮ ಅಂಗಳಕ್ಕ ಬಂದಿತ್ರಿ" ಎಂದಳು. "ಜ್ವಾಳ ತಿಂತ್ರಿ." ಅವ್ವ ಬಹಳ ಹೊತ್ತು ಅವಳನ್ನು ನೋಡಿದಳು. "ರೀ ಅನಬ್ಯಾಡ" ಎಂದಳು. "ಮೂಳಿ ಅನ್ನು. ನಿಮ್ಮತ್ತಿ ಹಂಗ ಅಂತಿದ್ಲು." "ಮೂಳಿ ಅಂದ್ರ ಹೆಂಗ್ರಿ ಅತ್ತೀ, ನೀವು ಹಿರ್ಯಾರು" ಎಂದು ಹುಡುಗಿ ಅಳುವುದಕ್ಕೇ ಶುರುಮಾಡಿದಳು. ಅವ್ವ ಅವಳಿಗೆ ಜಗಳ ಕಲಿಸಿದಳು, ಸೊಂಟದ ಮೇಲೆ ಕೈ ಹೇಗಿಡಬೇಕು, ಎಲ್ಲಿ ದನಿ ಏರಿಸಬೇಕು ಎಂದು. ಅವಳು ಹೋದ ಮೇಲೆ ಗೋಡೆ ಕಡೆ ಹೊರಳಿ ಮಲಗಿದಳು. ಹನ್ನೊಂದು ವರ್ಷ ನಾವು ಆಡಿದ ನಾಟಕವೆಲ್ಲ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಅಂದು ನನಗೆ ತಿಳಿಯಿತು. ಸುಳ್ಳು ಜಗಳಗಳು ಅವಳನ್ನು ಕಾಯಲಿಲ್ಲ ಎಂದಾದರೆ, ಈಗ ಆ ಮೊಳೆಯನ್ನು ಹಿಡಿದು ನಿಲ್ಲಿಸಿರುವ ನಿಜವಾದ ಅಶಾಂತಿ ಯಾವುದು?

ಅದನ್ನು ಅಕ್ಕ ನನಗಿಂತ ಮೊದಲು ಅರಿತಿದ್ದಳು. ಒಂದು ಸಂಜೆ ಅಕ್ಕಿಗೆ ಹರಳು ಬೆರೆಸುತ್ತಿದ್ದವಳು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ನೀ ಅವ್ವನಿಂದ ಏನೋ ಮುಚ್ಚಿಟ್ಟಿ. ಮೂರು ವರ್ಷಾತು ಆಕಿ ನಿನ್ನ ಮಾರಿ ಓದಾಕತ್ತಾಳ. ಏನು ಅಂತ ನಾ ಕೇಳೂದಿಲ್ಲ. ಹೇಳಲೂ ಬ್ಯಾಡ" ಎಂದಳು. ನನ್ನ ತೋಳು ಹಿಡಿದ ಅವಳ ಬೆರಳು ಗಟ್ಟಿಯಾಗಿದ್ದವು. "ಆದ್ರ ಆಕಿ ಕೇಳತಾಳ. ಇವತ್ತಲ್ಲ ನಾಳೆ ಕೇಳತಾಳ. ನೀ ಹೇಳಿದಿ ಅಂದ್ರ ಆಕಿ ಜೀವ ಹಗರಾಗತೈತಿ. ಹಗರಾತು ಅಂದ್ರ ಮುಗೀತು. ತಿಳೀತಿಲ್ಲೋ? ಸುಳ್ಳ ಹೇಳು, ಜಗಳಾಡು, ಓಡಿಹೋಗು ಬೇಕಾರ. ನೀ ಬಾಯಿ ಬಿಟ್ರ ಅವ್ವನ್ನ ನೀನ ಕೊಂದಂಗ." ಅಷ್ಟು ಹೇಳಿ ಒಳಗೆ ಹೋಗಿ, ಸಾರಿನ ಉಪ್ಪಿನ ಬಗ್ಗೆ ಅವ್ವನ ಜೊತೆ ಏರುದನಿಯಲ್ಲಿ ವಾದಕ್ಕಿಳಿದಳು. ನಾನು ಹಿತ್ತಲಲ್ಲಿ ಆರಿದ ಒಲೆಯ ಮುಂದೆ ನಿಂತೆ. ನನ್ನ ಒಂದು ಮಾತು ಅವ್ವನ ಕುತ್ತಿಗೆಯ ಮೇಲೆ ತೂಗುತ್ತಿತ್ತು. ಆಡದ ಮಾತೇ ಅವಳನ್ನು ಚಳಿಯಲ್ಲಿ ನಡುಗಿಸುತ್ತ ಬದುಕಿಸುತ್ತಿತ್ತು.

ಪುಷ್ಯ ಮಾಸದ ಆ ಬೆಳಿಗ್ಗೆ ಚಳಿ ಎಷ್ಟಿತ್ತೆಂದರೆ ಕೊಡದ ನೀರಿನ ಮೇಲೆ ಕೈಯಿಟ್ಟರೆ ಸುಟ್ಟ ಹಾಗಾಗುತ್ತಿತ್ತು. ಶಾಲೆಗೆ ರಜೆ. ನಾನು ಅವ್ವನಿಗೆ ನಾಲ್ಕನೆಯ ಕಂಬಳಿ ಹೊದಿಸುತ್ತಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಅವಳ ಬೆರಳು ಉಗುರಿನವರೆಗೂ ನೀಲಿಯಾಗಿದ್ದವು. "ಕುಂದ್ರು" ಎಂದಳು. ಕುಳಿತೆ. "ಏನ್ ಮುಚ್ಚಿಟ್ಟಿ ಹೇಳು."

"ಏನಿಲ್ಲವ್ವಾ" ಎಂದೆ.

"ಗುರುಸಿದ್ದಿ ನನ್ನ ಸಲುವಾಗಿ ಬಿಸಿಲಿಗೆ ಬಂದ್ಲು. ಇನ್ನ ಯಾರು ಬರ್ಬೇಕು? ಆ ಕೂಸು ನೀಲಗಂಗಾ? ಬಸಲಿಂಗಪ್ಪ ಒಂದಿನ ಒಂಟಿ ಬೆನ್ನ ಹತ್ತಿ ಬರಬೇಕೇನು? ನಿನ್ನ ಮದಿವಿ ಇಲ್ಲ, ನಿನಗ ಮಾತಿಲ್ಲ, ನನಗ ಕಲ್ಲಿನ ಹಾಸಿಗಿ." ಅವಳು ಉಸಿರು ತೆಗೆದುಕೊಂಡಳು. "ನಾ ಒಂದ ಅಂಜಿಕಿ ಮ್ಯಾಲ ಬದುಕೀನಿ ದಾವಲಾ. ನಿನಗೇನೋ ಆಗೈತಿ ಅಂತ. ದೊಡ್ಡ ಜಡ್ಡು ಬಂದೈತಿ, ಪಟ್ಟಣದಾಗ ಡಾಕ್ಟರು ಹೇಳ್ಯಾರ, ನಿನ್ನ ಮೊಳಿ ನನಗಿಂತ ಮುಂಚೆ ಬೀಳತೈತಿ, ಅದಕ್ಕ ಬಾಯಿ ಹೊಲಕೊಂಡು ತಿರಗತಿ ಅಂತ. ಮೂರು ವರ್ಷ ಆತು. ದಿನಾ ನಿನ್ನ ಹಲಗಿ ನೋಡಾಕ ಮಾಬೂಬಿನ್ನ ಕಳಸ್ತೀನಿ. ಹೌದೋ ಅಲ್ಲೋ, ಅಷ್ಟ ಹೇಳು. ಹೌದಂದ್ರ ಇನ್ನೂ ಹತ್ತು ವರ್ಷ ಅಂಜಿಕೋತ ಬದಕ್ತೀನಿ."

ಹೌದು ಎಂದುಬಿಡಬಹುದಿತ್ತು. ಒಂದೇ ಶಬ್ದ. ಅಕ್ಕನಾಗಿದ್ದರೆ ಅದನ್ನೇ ಹೇಳುತ್ತಿದ್ದಳು. ನಾನು ಹಲಗೆಯ ಕಡೆ ನೋಡಿದೆ, ಮೊಳೆ ಅಲುಗುತ್ತಿರಲಿಲ್ಲ. ಅವ್ವನ ಕಡೆ ನೋಡಿದೆ. ಅವಳ ದವಡೆ ಚಳಿಗೆ ಕಟಕಟ ಎನ್ನುತ್ತಿತ್ತು, ಕಣ್ಣು ಮಾತ್ರ ನನ್ನ ಮುಖದಿಂದ ಕದಲಲಿಲ್ಲ. ಅಷ್ಟು ಭಯವನ್ನು ನಾನು ಯಾರ ಕಣ್ಣಲ್ಲೂ ನೋಡಿರಲಿಲ್ಲ. ಅದು ಸಾವಿನ ಭಯವಾಗಿರಲಿಲ್ಲ. ಹೌದೆಂದರೆ ಆ ಭಯಕ್ಕೆ ನಾನು ಇನ್ನೂ ಹತ್ತು ವರ್ಷ ಅನ್ನ ಹಾಕಿ ಸಾಕಬೇಕಿತ್ತು.

"ಇಲ್ಲವ್ವಾ" ಎಂದೆ. "ನನಗ ಏನೂ ಆಗಿಲ್ಲ." ಆಮೇಲೆ ಮಾತು ತಾನಾಗಿ ಹೊರಟಿತು. ಗ್ರಂಥಾಲಯ, ನಿಘಂಟು, ಎಂಟನೆಯ ಅರ್ಥ, ಮುನಶಿ, ಕನಸು ಎಲ್ಲವನ್ನೂ ಹೇಳಿದೆ. ಗುರುಸಿದ್ದವ್ವ ಸತ್ತ ದಿನ ಹೊಸ್ತಿಲ ಮೇಲೆ ಕಣ್ಣು ಮುಚ್ಚಿ ಕುಳಿತದ್ದನ್ನೂ ಹೇಳಿದೆ.

ಅವ್ವ ಕೊನೆಯವರೆಗೂ ಕೇಳಿದಳು. ಆಮೇಲೆ ಅವಳ ಹೊಟ್ಟೆ ಕುಲುಕಾಡಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. "ಬೆಂಕಿ? ಬೆಂಕಿಗೆ ಅಂಜಿ ನನ್ನ ಮೂರು ಚಳಿಗಾಲ ನಡುಗಿಸಿದಿ? ಇಷ್ಟು ಓದಿ ಮುಂದಿನ ಹಾಳಿ ಹೊಳ್ಳಿಸಿ ನೋಡಲಿಲ್ಲಾ, ಏನ್ ಕಲಿಸಿದ್ರೋ ಆ ಸಾಲ್ಯಾಗ ನಿನಗ?" ನಕ್ಕು ಸುಸ್ತಾಗಿ ಕಣ್ಣೊರೆಸಿಕೊಂಡಳು. "ಗುರುಸಿದ್ದಿ ವಿಷಯ ಮನಸಿಗೆ ಹಚ್ಚಿಕೋಬ್ಯಾಡ. ಆಕಿ ತಾನಾಗಿ ಬಂದ್ಲು. ಮೂವತ್ತು ವರ್ಷ ಕತ್ತಲದಾಗ ಕುಂತಾಕಿ, ಬಿಸಿಲು ನೋಡಿ ಹೋದ್ಲು. ಹೋಗು, ಅಗ್ಗಿಷ್ಟಿಕಿ ತಗೊಂಡು ಬಾ."

ನಾನು ಏಳಲಿಲ್ಲ. "ಅವ್ವಾ" ಎಂದೆ. ಏನು ಹೇಳಬೇಕೆಂದಿದ್ದೆನೋ ಅವಳಿಗೆ ತಿಳಿಯಿತು. "ಗೊತ್ತೈತಿ" ಎಂದಳು. "ಮದಿವಿ ಆಗು ಅಂತ ಹೇಳಿ ಹೋಗಬೇಕಂತಿದ್ದೆ. ಹೇಳೂದಿಲ್ಲ ಬಿಡು. ಹೇಳಿದ್ರ ಅದೊಂದು ಚಿಂತಿ ಮತ್ತ ಹತ್ತತೈತಿ."

ಅಟ್ಟದ ಮೇಲಿಂದ ಅಗ್ಗಿಷ್ಟಿಕೆ ಇಳಿಸಿದೆ. ಮೂರು ವರ್ಷದ ಧೂಳು ಒರೆಸಿದೆ. ನಾಲ್ಕು ಕಡ್ಡಿ ಗೀರಿದರೂ ಹತ್ತಲಿಲ್ಲ. ಐದನೆಯದಕ್ಕೆ ಜಾಲಿಯ ಇದ್ದಿಲು ಹಿಡಿಯಿತು. ಮಂಚದ ಪಕ್ಕಕ್ಕೆ ತಂದಿಟ್ಟು, ನೀರಿನ ಕೊಡ ಎರಡನ್ನು ಕೈಗೆ ಸಿಗುವಲ್ಲಿ ಇಟ್ಟುಕೊಂಡೆ. ಅವ್ವ ಅದನ್ನು ನೋಡಿ ಮತ್ತೆ ನಕ್ಕಳು. ಹಾಸಿಗೆಯ ಕೆಳಗಿನ ಕಲ್ಲುಗಳನ್ನು ತೆಗೆಯಲು ಹೇಳಿದಳು. ತೆಗೆದೆ. ಅವಳು ಕಂಬಳಿಯಿಂದ ಕೈ ಹೊರಗೆ ತೆಗೆದು ಕೆಂಡದ ಮೇಲೆ ಚಾಚಿದಳು. ನೀಲಿ ಬೆರಳುಗಳಿಗೆ ಮೆಲ್ಲಗೆ ಬಣ್ಣ ಬಂತು. ದವಡೆಯ ಕಟಕಟ ನಿಂತಿತು. ಬೆಂಕಿಯೆಂದರೆ ಮನೆ ಸುಡುವುದು ಮಾತ್ರ ಎಂದು ಮೂರು ವರ್ಷ ತಿಳಿದಿದ್ದ ನನಗೆ, ಹೀಗೆ ಒಬ್ಬ ಮುದುಕಿ ಅಂಗೈ ಚಾಚಿಕೊಂಡು ಕೂತಿರುವುದನ್ನು ನೋಡುತ್ತ, ಆ ಮಗುಚದ ಪುಟದಲ್ಲಿ ಏನಿತ್ತೆಂದು ಬಲ್ಲೆ ಎನಿಸಿತು. "ಹಾಯ್ ಅನಸ್ತೈತಿ ನೋಡು" ಎಂದಳು ಅವ್ವ. ಅವಳ ಹುಬ್ಬಿನ ಗಂಟು ಬಿಚ್ಚಿಕೊಳ್ಳುತ್ತಿತ್ತು. ಅದನ್ನು ನಾನು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ.

ಹೊರಗೆ ಹೆಜ್ಜೆಯ ಸದ್ದಾಯಿತು. ನೀಲಗಂಗಾಳ ಸರದಿಯ ಹೊತ್ತು. ನನ್ನ ಮೈಯ ಒಂದೊಂದು ರೋಮವೂ ಅವಳನ್ನು ಒಳಗೆ ಕರೆ ಎನ್ನುತ್ತಿತ್ತು. ಒಂದು ಕೂಗು ಸಾಕಿತ್ತು, ಕಾಲು ತಾಗಿದಂತೆ ಕೊಡ ಉರುಳಿಸಿದರೂ ಸಾಕಿತ್ತು. ಎದ್ದು ಬಾಗಿಲ ಬಳಿ ಹೋದೆ. ಅಗಳಿ ಹಾಕಿದೆ, ಕಬ್ಬಿಣ ಕಬ್ಬಿಣಕ್ಕೆ ತಾಗದ ಹಾಗೆ ನಡುವೆ ಬೆರಳಿಟ್ಟು.

ಹಲಗೆಯ ಹತ್ತಿರ ಬಂದಾಗ ಮೊಳೆ ತಲೆ ಬಾಗಿಸಿತ್ತು. ಅದರ ಕೆಳಗೆ ನೆಲ ಕಲ್ಲಿನದು. ಈ ಮನೆಯಲ್ಲಿ ಹಿಂದಿನವು ಉದುರಿದಾಗ ಠಣ್ಣೆಂದ ಸದ್ದು ನಡುಮನೆಯವರೆಗೆ ಕೇಳಿತ್ತೆಂದು ಅವ್ವ ಹೇಳುತ್ತಿದ್ದಳು. ನಾನು ಅಂಗೈ ಬೊಗಸೆ ಮಾಡಿ ಅದರ ಕೆಳಗೆ ಹಿಡಿದು ನಿಂತೆ. ಹಿಂದೆ ಕೆಂಡ ಚಟ್ ಎಂದಿತು. ಅವ್ವ ಉದ್ದವಾಗಿ ಉಸಿರು ಬಿಟ್ಟಳು, ಬಾವಿಯಿಂದ ಕೊಡ ಎಳೆದು ಕಟ್ಟೆಯ ಮೇಲಿಟ್ಟವರು ಬಿಡುವ ಉಸಿರು.

ಅಂಗೈಗೆ ಬಿದ್ದ ಮೊಳೆ ಬೆಚ್ಚಗಿತ್ತು. ಬೊಗಸೆ ಮುಚ್ಚಿದೆ. ನಮ್ಮೂರಲ್ಲಿ ಕೊನೆಯ ಮೊಳೆ ಉದುರಿದ ಮನೆಯವರು ಕೂಡಲೇ ಬಾಗಿಲು ತೆಗೆದು ಓಣಿಗೆ ಕೇಳುವಂತೆ ಕೂಗಬೇಕು. ಬಾಗಿಲಾಚೆ ನೀಲಗಂಗಾ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. "ಏ ಇಮಾಂಬೀ!" ಎಂದಳು. ಇವತ್ತು ದನಿ ಸರಿಯಾದ ಜಾಗದಲ್ಲಿ ಏರಿತು. "ನಿನ್ನ ಕೋಳಿ ಮತ್ತ ನನ್ನ ಜ್ವಾಳ ತಿಂದೈತಿ ನೋಡು, ಮೂಳೀ!" ಸ್ವಲ್ಪ ಹೊತ್ತು ಉತ್ತರಕ್ಕೆ ಕಾದಳು. ಆಮೇಲೆ ಇನ್ನೂ ಜೋರಾಗಿ ಶುರುಮಾಡಿದಳು. ಅವ್ವ ಕಲಿಸಿದ್ದ ಒಂದು ಬೈಗುಳವನ್ನೂ ಅವಳು ಮರೆತಿರಲಿಲ್ಲ. ಅವಳ ಸರದಿ ಮುಗಿಯುವವರೆಗೆ ನಾನು ಬಾಗಿಲು ತೆಗೆಯಲಿಲ್ಲ.